ನೀವು ಪರೀಕ್ಷಿಸಿದ್ದು ನಮ್ಮ ಪಾತಿಯ ಮಣ್ಣನ್ನಲ್ಲ

ಮಣ್ಣು ಪರೀಕ್ಷಾ ವಿಭಾಗದ ಮುಖ್ಯಸ್ಥರೇ,

ಬಸವೇಶ್ವರನಗರದ ಒಂದು ಪಾರ್ಕಿನ ಮಣ್ಣನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಗೆಳತಿ ಸ್ಪಂದನಳ ಮನೆ ಎದುರಿನ ಆ ಪಾರ್ಕಿಗೆ ನಿಮ್ಮವರು ಜೀಪಿನಲ್ಲಿ ಬಂದರು, ಕೈಗವಸು ಹಾಕಿಕೊಂಡು ಹನ್ನೆರಡು ಕಡೆ ಅಗೆದರು. ಸೀಸ ಮಿತಿಗಿಂತ ತುಸು ಹೆಚ್ಚಿದೆಯೆಂದು ಬೋರ್ಡು ಹಾಕಿ, ಲಾರಿಯಲ್ಲಿ ಹೊಸ ಮಣ್ಣು ತರಿಸಿದರು. ಅಲ್ಲಿ ಬೆಳೆಯುವುದು ಹುಲ್ಲು. ಅದನ್ನು ಯಾರೂ ಸಾರು ಮಾಡಿಕೊಂಡು ಉಣ್ಣುವುದಿಲ್ಲ. "ನಮ್ ಪಾರ್ಕಲ್ಲಿ ಲೆಡ್ ಜಾಸ್ತಿ ಅಂತೆ ಕಣೇ, ಎಷ್ಟು ಟೆನ್ಷನ್ ಗೊತ್ತಾ!" ಎಂದಳು ಸ್ಪಂದನ. ನಾನು ಅಯ್ಯೋ ಅಂದೆ. ಇವರ ವಿಷಕ್ಕೂ ಎಷ್ಟು ಮರ್ಯಾದೆ ಎಂದು ಒಳಗೊಳಗೇ ಕುದಿದೆ.

ನಾವಾದರೋ ಉಣ್ಣುತ್ತೇವೆ. ಲಗ್ಗೆರೆಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಅಮ್ಮ ಅಂಜನಮ್ಮ ದಂಟು, ಪಾಲಕ್, ಸಬ್ಬಸಿಗೆ ಬೆಳೆಯುತ್ತಾಳೆ. ಸೈಟಿಗೆ ಅಂಟಿಕೊಂಡ ಮೋರಿಯಲ್ಲಿ ಹಿಂದಿನ ಬೀದಿಯ ನಿಕ್ಕಲ್ ಪಾಲಿಶ್ ಶೆಡ್ಡಿನ ನೀರು ಹರಿಯುತ್ತದೆ. ಕೆಲವು ದಿನ ಹಸಿರು, ಕೆಲವು ದಿನ ಹಳದಿ. ಮಳೆ ಜೋರಾದರೆ ಪಾತಿಗೇ ನುಗ್ಗುತ್ತದೆ. ಅಕ್ಕ ಸಂಘಮಿತ್ರಾ ಹೆರಿಗೆಗೆಂದು ಬಂದಿದ್ದಾಳೆ, ಏಳು ತಿಂಗಳು. ರಕ್ತ ಕಡಿಮೆ ಎಂದು ಡಾಕ್ಟರು ಹೇಳಿದ ಮೇಲೆ ದಿನವೂ ಅವಳ ತಟ್ಟೆಗೆ ಅದೇ ಸೊಪ್ಪು.

ನಾನು ಮಾತು ಕಡಿಮೆಯವಳು. ಎರಡು ಸಲ ನಿಮ್ಮ ಕೌಂಟರಿನವರೆಗೆ ಬಂದು ಹಾಗೇ ಹಿಂದಿರುಗಿದೆ. ಮೂರನೆಯ ಸಲ, ನಮ್ಮ ಪಾತಿಯ ಮಣ್ಣನ್ನೂ ಬಂದು ಪರೀಕ್ಷಿಸಿ ಎಂದು ಕೇಳಿಯೇಬಿಟ್ಟೆ. "ನಿಮ್ಮ ಏರಿಯಾಗೆಲ್ಲ ಬರಕ್ಕಾಗಲ್ಲಮ್ಮ, ಅರ್ಧ ಕೆಜಿ ನೀವೇ ತನ್ನಿ" ಎಂದರು ಗುಮಾಸ್ತರು. ಮೋರಿಯಂಚಿನಲ್ಲಿ ಅಗೆದು, ಕವರಿಗೆ ತುಂಬಿ, ಜಗಲಿಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ಕವರು ಎತ್ತಿಕೊಂಡು ಬಸ್ಸು ಹತ್ತಿದೆ.

ವರದಿ ಬಂತು: ಎಲ್ಲ ಲೋಹಗಳೂ ಮಿತಿಯೊಳಗೆ! ನಂಬಲಾಗದೆ ಮತ್ತೆ ಮತ್ತೆ ಓದುತ್ತಿದ್ದರೆ ಅಮ್ಮ ಹಿಗ್ಗಿ ಹೇಳಿದಳು: "ಚೆನ್ನಾಗ್ ಬರದೆ ಏನು? ನೀನ್ ತುಂಬಿದ್ದು ಗಬ್ಬು ನಾರ್ತಿತ್ತು ಕಣೇ. ಆಫೀಸ್ನೋರು ನಮ್ಮನ್ನ ಏನಂದ್ಕೋತಾರೆ? ಚೆಲ್ಲಿಬಿಟ್ಟು, ತುಳಸಿ ಕುಂಡದ್ದು ಜರಡಿ ಹಿಡ್ದು ತುಂಬ್ದೆ. ಅದೂ ನಮ್ಮನೆ ಮಣ್ಣೇ ತಾನೆ?"

ನರ್ಸರಿಯಿಂದ ಕೊಂಡು ತಂದ ಮಣ್ಣು ಅದು. ಗಂಡಿನ ಕಡೆಯವರು ಬರುತ್ತಾರೆಂದು ಮಗಳನ್ನು ಸಿಂಗರಿಸುವ ಹಾಗೆ ಅಮ್ಮ ನಿಮಗಾಗಿ ಮಣ್ಣನ್ನು ಸಿಂಗರಿಸಿದ್ದಳು.

ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ಪಾರ್ಕಿನವರಿಗೆ ಇಂಥ ತಪ್ಪು ಮಾಡುವ ಅವಕಾಶವನ್ನೇ ನೀವು ಕೊಡಲಿಲ್ಲವಲ್ಲ! ಮತ್ತೆ ಬಂದು ನಿಜ ಹೇಳಿದರೆ, ಒಂದು ವಿಳಾಸಕ್ಕೆ ವರ್ಷಕ್ಕೊಂದೇ ಪರೀಕ್ಷೆ ಎಂದಿರಿ. ಅಕ್ಕನ ಹೊಟ್ಟೆಯೊಳಗಿನ ಮಗು ನಿಮ್ಮ ನಿಯಮ ಓದಿಕೊಂಡು ವರ್ಷವಿಡೀ ಕಾಯಬೇಕೇ? ವರದಿ ಈಗ ಅಡುಗೆಮನೆಯ ಗೋಡೆ ಏರಿದೆ. "ಸೀಲೇ ಬಿದ್ದಿದೆ, ಇನ್ನು ನಿಂದೇನೇ?" ಎಂದು ಅಮ್ಮ ಎರಡು ಹೊತ್ತೂ ಸೊಪ್ಪು ಬೇಯಿಸುತ್ತಾಳೆ. ಅಕ್ಕ ಉಣ್ಣುತ್ತಾಳೆ. ನನ್ನ ಕನ್ನಡ ಎಂಎಗೆ ಆ ಸೀಲಿನಷ್ಟು ತೂಕವಿಲ್ಲ.

ಈ ವಾರವೇ ನಿಮ್ಮವರು ಬಂದು ಮೋರಿಯಂಚಿನಲ್ಲಿ ತಮ್ಮ ಕೈಯಾರೆ ಅಗೆಯಲಿ. ಅದಕ್ಕೂ ಮೊದಲು, ಹಳೆಯ ವರದಿ ರದ್ದಾಗಿದೆ ಎಂದು ಒಂದು ಸಾಲು ಬರೆದು, ಕೆಳಗೆ ಸೀಲು ಒತ್ತಿ ಇಂದೇ ಕಳಿಸಿ. ಅಮ್ಮ ಸೊಪ್ಪಿನ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸುವುದು ಆ ಒಂದು ಸಾಲಿಗೆ ಮಾತ್ರ.

ಇಂತಿ,
ಅಮ್ಮನೆದುರು ಸೋತು ಊರೆದುರು ಈ ಬಹಿರಂಗ ಪತ್ರ ಬರೆಯುತ್ತಿರುವ
ಜ್ಯೋತಿಲಕ್ಷ್ಮಿ, ಲಗ್ಗೆರೆ