ತಾರಸಿಯ ಮೇಲಿನ ಬಿಳಿ ಪಂಚೆ

ನಜರ್‌ಬಾದ್, ಮೈಸೂರು
೧೪ನೇ ಮಾರ್ಚ್ ೧೯೬೭, ಮಂಗಳವಾರ

ಯಜಮಾನರಿಗೆ, ಪ್ರೇಮಲೀಲಾಳ ನಮಸ್ಕಾರಗಳು.

ಎಲ್ಲರೂ ಕ್ಷೇಮವೆಂದು ಮೊದಲ ಸಾಲಿನಲ್ಲಿ ಬರೆಯಬೇಕೆಂದು ನನಗೂ ಗೊತ್ತು. ಹಾಗೆ ಬರೆಯುವಂತಿಲ್ಲ, ಅದಕ್ಕೇ ಬಿಟ್ಟಿದ್ದೇನೆ. ಅತ್ತೆಯವರಿಗೆ ಮೈಯಲ್ಲಿ ಚೆನ್ನಾಗಿಲ್ಲ. ಈ ಕಾಗದ ಕೈಗೆ ಬಂದ ಕೂಡಲೇ ರಜೆ ಹಾಕಿ ಹೊರಟು ಬನ್ನಿ. ರಜೆ ಕೊಡದಿದ್ದರೂ ಬನ್ನಿ. ಉಳಿದದ್ದನ್ನು ರೈಲಿನಲ್ಲಿ ಕೂತು ಓದಿಕೊಳ್ಳಿ.

ಕಾರ್ತಿಕದಿಂದ ಈಚೆಗೆ ನಿಮಗೆ ಒಂದಕ್ಷರ ಬರೆಯುವುದಿಲ್ಲವೆಂದು ಹಟ ಹಿಡಿದು ಕೂತಿದ್ದೆ. ನೀವೇನು ಕಡಿಮೆಯೇ? ಬೊಂಬಾಯಿಯಿಂದ ಅವ್ವನಿಗೆಂದು ಎರಡು ಸಾಲಿನ ಕಾರ್ಡು ಹಾಕುತ್ತೀರಿ. ಅವರಿಗೆ ಓದಲು ಬಾರದು, ಓದಿ ಹೇಳುವವಳು ನಾನೇ ಎಂದು ಗೊತ್ತಿದ್ದೂ ನನ್ನ ಹೆಸರೆತ್ತುವುದಿಲ್ಲ. ಅತ್ತೆ ನೊಂದುಕೊಳ್ಳುತ್ತಾರೆಂದು ನಾನೇ ಒಂದು ಸಾಲು ಸೇರಿಸಿ ಓದುತ್ತೇನೆ. ಪ್ರೇಮ ಹೇಗಿದ್ದಾಳೆ, ವೇಳೆಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಎಂದು ನೀವು ಪ್ರತಿ ಕಾರ್ಡಿನಲ್ಲೂ ಕೇಳುತ್ತೀರಿ. ನಿಮಗೆ ಗೊತ್ತಿಲ್ಲ, ಅಷ್ಟೆ.

ಶಿವರಾತ್ರಿಗೆ ಉಪವಾಸ ಬೇಡವೆಂದು ಅತ್ತೆಯವರನ್ನು ಬೇಡಿಕೊಂಡೆ. ಕೇಳುವ ಜೀವವೇ ಅದು? ಮಾರನೆಯ ದಿನ ಲಿಂಗಪೂಜೆಗೆ ಕೂತವರು ಏಳಲಾರದೆ ಗೋಡೆಗೆ ಒರಗಿಬಿಟ್ಟರು. ಕಾಲು ಊದಿಕೊಂಡಿವೆ. ಮಲಗಿದರೆ ಉಸಿರು ಕಟ್ಟುತ್ತದೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿಯೇ ಇಟ್ಟಿದ್ದೇನೆ. ಎದುರು ಮನೆಯ ಬೆಟ್ಟಮ್ಮ ಜೊತೆಗಿದ್ದಾರೆ, ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಡಾಕ್ಟರು ನನ್ನನ್ನು ಜಗುಲಿಗೆ ಕರೆದು, ಎದೆ ಸೋತಿದೆ, ಬರಬೇಕಾದವರಿದ್ದರೆ ಕರೆಸಿಕೊಳ್ಳಿ ಎಂದರು. ಬರಬೇಕಾದವರು ಇನ್ಯಾರಿದ್ದಾರೆ, ನೀವೊಬ್ಬರೇ.

ಕರೆಸಿಕೊಳ್ಳುವುದು ಹೇಗೆ ಎನ್ನುವುದರಲ್ಲೇ ಇದೆ ಗೋಳು. ನಿಮ್ಮವ್ವ ಈಗಾಗಲೇ ನಿಮ್ಮನ್ನು ಕರೆದಾಗಿದೆಯಂತೆ. ಆ ಪಂಚೆಯ ವಿಚಾರ ನಿಮಗೆ ಹೇಳಲೇಬೇಕು.

ಹೋದ ಯುಗಾದಿಗೆ ಬಂದಾಗ ಆಫೀಸಿನಲ್ಲಿ ಬೇಡವಾದ ಒಂದು ಚಿತ್ರವನ್ನು ಸುರುಳಿ ಸುತ್ತಿ ತಂದಿದ್ದಿರಿ, ನೆನಪಿದೆಯೇ? ಹೋಳಿಗೆ ಊಟವಾಗಿ ಎಲೆ ತೆಗೆಯಲೂ ಬಿಡದೆ ನಡುಮನೆಯಲ್ಲಿ ಹರವಿ ಕೂತಿರಿ. ಅಮೆರಿಕದವರು ಹಾರಿಸಿದ ಉಪಗ್ರಹ ಆಕಾಶದಿಂದ ನಮ್ಮ ನೆಲವನ್ನೂ ಕಡಲನ್ನೂ ನೋಡಿ ತೆಗೆದ ಚಿತ್ರ. ಅದು ನೆತ್ತಿಯ ಮೇಲೆ ಹಾಯುವಾಗ ಕೊಲಾಬಾದ ನಿಮ್ಮ ಹವಾಮಾನ ಕೇಂದ್ರದ ಯಂತ್ರ ಗೆರೆಗೆರೆಯಾಗಿ ಕಾಗದದ ಮೇಲೆ ಇಳಿಸಿಕೊಳ್ಳುತ್ತದೆ ಎಂದಿರಿ. ಹಾರಿಸಿದವರು ಯಾರೇ ಆಗಲಿ, ಯಂತ್ರವಿಟ್ಟುಕೊಂಡ ಯಾವ ದೇಶಕ್ಕಾದರೂ ಚಿತ್ರ ಸಿಗುತ್ತದೆ, ಯಾರನ್ನೂ ಅಂಗಲಾಚಬೇಕಿಲ್ಲ ಎಂದಿರಿ. ನಿಮ್ಮ ಮೇಜಿನ ಸುತ್ತ ನಾಲ್ಕಾರು ದೇಶದವರು ಕೂತು ಒಂದೇ ಮೋಡದ ಬಗ್ಗೆ ವಾದ ಮಾಡುತ್ತಾರೆಂದೂ, ಒಬ್ಬರ ಮೇಲೊಬ್ಬರು ಬಾಂಬು ಹಿಡಿದು ಕೂತ ರಷ್ಯಾದವರೂ ಅಮೆರಿಕದವರೂ ಮೋಡದ ಚಿತ್ರ ಮಾತ್ರ ಕೊಟ್ಟು ತೆಗೆದುಕೊಳ್ಳಲು ಒಪ್ಪಿದ್ದಾರೆಂದೂ ಹೇಳುವಾಗ ನಿಮ್ಮ ಮುಖ ನೋಡಬೇಕಿತ್ತು. ಮದುವೆಯ ದಿನವೂ ನೀವು ಅಷ್ಟು ಖುಷಿಯಾಗಿರಲಿಲ್ಲ.

ಅತ್ತೆಯವರಿಗೆ ರಷ್ಯಾ ಅಮೆರಿಕ ಏನು ತಿಳಿಯಬೇಕು? ಮೈಸೂರು ಎಲ್ಲಿ ಎಂದು ಕೇಳಿದರು. ನೀವು ಒಂದು ಕಡೆ ಬೆರಳಿಟ್ಟಿರಿ. ಬರೀ ಬೂದಿ ಬಣ್ಣ. ಹಾಗಾದರೆ ದಿನಾ ಬೆಳಿಗ್ಗೆ ನಮ್ಮ ಮನೆ ನಿನಗೆ ಕಾಣುತ್ತದೆಯೋ ಎಂದು ಕೇಳಿದರು. ಬಿಳಿಯದು ಕಾಣುತ್ತದವ್ವ, ಏನಾದರೂ ಬಿಳಿಯದನ್ನು ಹಾಸು, ನೀನು ಚೆನ್ನಾಗಿದ್ದೀಯ ಎಂದು ತಿಳಿದುಕೊಳ್ಳುತ್ತೇನೆ ಎಂದುಬಿಟ್ಟಿರಿ. ತಮಾಷೆಗೆ ಹೇಳಿದ್ದು. ನಾನೂ ಸೆರಗು ಬಾಯಿಗಿಟ್ಟು ನಕ್ಕೆ.

ನೀವು ಬೊಂಬಾಯಿಗೆ ಹೊರಟ ಮರುದಿನವೇ ಅತ್ತೆ ಪೆಟ್ಟಿಗೆ ತೆಗೆದರು. ಮಾವನವರ ಮಲ್ಲು ಪಂಚೆ ಹೊರಗೆ ಬಂತು. ತಾರಸಿಯ ಮೇಲೆ ಹಾಸಿ ನಾಲ್ಕು ಮೂಲೆಗೂ ಕಲ್ಲು ಹೇರಿದರು. ಅಂದಿನಿಂದ ಸ್ನಾನ ಪೂಜೆ ಮುಗಿಸಿ ಮೊದಲ ಕೆಲಸ ಅದೇ. ನಾನು ಸಂಡಿಗೆ ಒಣಗಿಸಲು ಜಾಗ ಕೇಳಿದರೂ ಬಿಡುತ್ತಿರಲಿಲ್ಲ. ನೀವು ಸುಮ್ಮನಿದ್ದಿರಾ? ಮೊನ್ನೆ ಪಂಚೆಯ ಒಂದು ಮೂಲೆ ಮಡಚಿಕೊಂಡಿತ್ತಲ್ಲವ್ವ ಎಂದು ಕಾಗದ ಬರೆದಿರಿ. ಮೊನ್ನೆ ಗಾಳಿಯಿತ್ತು, ನಿಜವಾಗಿಯೂ ಮಡಚಿತ್ತು ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಇಡೀ ಮೈಸೂರು, ಚಾಮುಂಡಿ ಬೆಟ್ಟವನ್ನೂ ಸೇರಿಸಿದರೂ ಆ ಚಿತ್ರದಲ್ಲಿ ಸಾಸಿವೆಯಷ್ಟೂ ಇಲ್ಲವೆಂದು ನೀವು ನನಗೊಬ್ಬಳಿಗೇ ಹೇಳಿದ್ದಿರಿ. ಅವರ ಸಂತೋಷ ಯಾಕೆ ಕೆಡಿಸುವುದೆಂದು ನಾನೂ ಬಾಯಿ ಬಿಡಲಿಲ್ಲ.

ಕಾರ್ತಿಕದ ಮಾತು ಬೇಡವೆಂದುಕೊಂಡಿದ್ದೆ. ಬರೆಯದೆ ಮುಂದೆ ಹೋಗಲು ಆಗುತ್ತಿಲ್ಲ.

ಪುಟ್ಟಸ್ವಾಮಿ ನನಗೆ ತಮ್ಮನಾದರೂ ಮಗನ ಹಾಗೆ. ನಮ್ಮಮ್ಮ ಹೋದಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ನನ್ನ ಮದುವೆಯಾದ ಮೇಲೂ ನಮ್ಮ ಮನೆಯಲ್ಲೇ ಬೆಳೆದ, ನೀವು ಒಂದು ದಿನವೂ ಬೇಸರಪಟ್ಟವರಲ್ಲ, ಅದನ್ನು ನಾನು ಮರೆತಿಲ್ಲ. ಮಂಡಿ ಮೊಹಲ್ಲಾದ ಗೋವಿಂದರಾಜು ಅವರ ಊದುಬತ್ತಿ ಅಂಗಡಿಯ ಪರವಾಗಿ ಊರೂರು ತಿರುಗುವ ಕೆಲಸ ಸಿಕ್ಕಿದಾಗ ಅವನಿಗಿಂತ ಅತ್ತೆಯವರಿಗೇ ಹಿಗ್ಗು. ಅವನು ತಿರುಗಿ ಬಂದಾಗಲೆಲ್ಲ ಮನೆ ತುಂಬ ಗಂಧದ ವಾಸನೆ. ಆ ವಾರ ಅವನು ಪೂರ್ವದ ಕರಾವಳಿಗೆ ಹೊರಟಿದ್ದ, ನಿಮಗೂ ಬರೆದಿದ್ದೆ. ಆ ಊರಿನ ಹೆಸರು ಬರೆಯಲು ನನಗೆ ಇಂದಿಗೂ ಕೈ ಬರುವುದಿಲ್ಲ.

ಬಂಗಾಳ ಕೊಲ್ಲಿಯ ಮೇಲೆ ಮೋಡ ಸುರುಳಿ ಸುತ್ತಿದ್ದನ್ನು ಬೆಳಗಿನ ಚಿತ್ರದಲ್ಲಿ ನೀವು ಕಂಡಿರಿ. ಅದು ಎತ್ತ ತಿರುಗುತ್ತದೆಂದು ನಿಮ್ಮ ಮೇಜಿನವರೆಲ್ಲ ಹೇಳಿದರು. ಹಡಗುಗಳಿಗೆ ಸುದ್ದಿ ಹೋಯಿತು, ಬಂದರುಗಳಿಗೆ ಹೋಯಿತು, ಅಕ್ಕಪಕ್ಕದ ದೇಶಗಳಿಗೂ ಹೋಯಿತು. ನಜರ್‌ಬಾದಿನ ನಮ್ಮ ಮನೆಗೆ ಮಾತ್ರ ಬರಲಿಲ್ಲ.

ಯಾಕೆ ಬರಲಿಲ್ಲವೆಂದು ಪುಟ್ಟಸ್ವಾಮಿಯ ಶಿವಗಣಾರಾಧನೆಯ ದಿನ ಹಿತ್ತಿಲಲ್ಲಿ ನಿಂತು ನೀವೇ ಹೇಳಿದಿರಿ. ತಂತಿ ಆಫೀಸಿಗೆ ಹೋಗಿದ್ದಿರಿ, ಫಾರಂ ತುಂಬಿದ್ದಿರಿ, ಹರಿದು ಹಾಕಿದಿರಿ. ಸರ್ಕೀಟು ಹೋದ ಮಾವನವರು ಶಿವಮೊಗ್ಗದಲ್ಲಿ ತೀರಿಕೊಂಡಾಗ ಬಂದ ತಂತಿಯನ್ನು ಕಂಡು ಅತ್ತೆ ಹೊಸ್ತಿಲ ಮೇಲೇ ಬಿದ್ದವರು, ಬದುಕುವುದೇ ಕಷ್ಟವಾಗಿತ್ತು. ಇನ್ನು ಈ ಮನೆಗೆ ತಂತಿ ಬರಕೂಡದು, ಈ ಮನೆಯಿಂದ ಹೋಗಲೂ ಕೂಡದು ಎಂದು ನಿಮ್ಮ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿದ್ದರು. ನಿಮಗೆ ಕೆಲಸ ಸಿಕ್ಕಿದ ಸುದ್ದಿ ಕೂಡ ಕಾರ್ಡಿನಲ್ಲೇ ಬಂದದ್ದು. ಅಂಗಡಿಯ ವಿಳಾಸಕ್ಕೆ ತಂತಿ ಕೊಡಬಹುದೆಂದು ನಿಮಗೆ ಹೊಳೆಯಲೇ ಇಲ್ಲವಂತೆ. ಎಕ್ಸ್‌ಪ್ರೆಸ್ ಕಾಗದ ಹಾಕಿದಿರಿ, ಅವನನ್ನು ತಡೆಯಿರೆಂದು. ಅದು ಬಂದಾಗ ಪುಟ್ಟಸ್ವಾಮಿ ಉಂಡ ತಟ್ಟೆ ಇನ್ನೂ ಬಚ್ಚಲಲ್ಲಿತ್ತು. ನಾನು ಸ್ಟೇಷನ್ನಿಗೆ ಓಡಿದೆ, ರೈಲು ಹೋಗಿತ್ತು. ಬಿರುಗಾಳಿಗೆ ಅವನು ತಂಗಿದ್ದ ಛತ್ರದ ಗೋಡೆ ಮಲಗಿದ್ದವರ ಮೇಲೆ ಬಿತ್ತು. ಆ ಸುದ್ದಿ ಹೊತ್ತು ಗೋವಿಂದರಾಜು ಅವರೇ ಬಾಗಿಲಿಗೆ ಬಂದು ನಿಂತರು.

ನೀವು ಹೇಳಿದ್ದನ್ನೆಲ್ಲ ಕೇಳಿ ನಾನು ಒಂದೇ ಮಾತಾಡಿದೆ. "ನಿಮ್ಮವ್ವ ಉಳಕೊಂಡ್ರಲ್ಲ, ಅಷ್ಟು ಸಾಕು ಬುಡಿ." ನೀವು ಅಂದೇ ಸಂಜೆಯ ಗಾಡಿಗೆ ಹೊರಟುಹೋದಿರಿ. ಅತ್ತೆಗೆ ಇದಾವುದೂ ಗೊತ್ತಿಲ್ಲ. ತಾವು ಹಾಕಿಸಿದ ಆಣೆಗೂ ಆ ಹುಡುಗನ ಸಾವಿಗೂ ನಂಟಿದೆ ಎಂದು ಇಂದಿಗೂ ತಿಳಿಯದು. ಕೆಲಸದ ಗಡಿಬಿಡಿಯಲ್ಲಿ ಮಗ ಬರಲಾಗುತ್ತಿಲ್ಲವೆಂದು ನಂಬಿದ್ದಾರೆ. ಅವರಿಗೆ ಗಂಜಿ ಕುಡಿಸುವಾಗ, ಕಾಲಿಗೆ ಎಣ್ಣೆ ತಿಕ್ಕುವಾಗ, ನಾನು ಆಡಿದ ಆ ಮಾತು ನನ್ನ ಪಕ್ಕದಲ್ಲೇ ಬಂದು ಕೂರುತ್ತದೆ. ರಷ್ಯಾದವರೂ ಅಮೆರಿಕದವರೂ ಜಗಳವಾಡಿಕೊಂಡೇ ಸುದ್ದಿ ಕೊಟ್ಟುಕೊಳ್ಳುತ್ತಾರಂತೆ, ಒಂದೇ ಮನೆಯ ನಮಗಿಬ್ಬರಿಗೆ ಅಷ್ಟು ಬುದ್ಧಿ ಇಲ್ಲದೆ ಹೋಯಿತಲ್ಲ.

ಈಗಿನ ಸಂಗತಿ ಕೇಳಿ. ಡಾಕ್ಟರು ಬಂದು ಹೋದ ಮಾರನೆಯ ಬೆಳಿಗ್ಗೆ ನಾನು ಅವರ ಬದಲಿಗೆ ಪಂಚೆ ಹಿಡಿದು ಮೆಟ್ಟಿಲ ಹತ್ತಿರ ಹೋದೆ. ಅತ್ತೆ ಕರೆದರು.

"ಇವತ್ತು ಹಾಸ್‌ಬ್ಯಾಡ ಕಣಮ್ಮ. ಪಂಚೆ ಕಾಣ್ದಿದ್ರೆ ಅವ್ವಂಗೆ ಏನೋ ಆಗದೆ ಅಂತ ಅವ್ನಿಗೆ ತಿಳೀತದೆ. ಬತ್ತಾನೆ."

ತಂತಿ ಕೊಡಲೇ ಅತ್ತೆ ಎಂದು ಕೇಳಿದೆ. ತಂತಿ ಕಂಡರೆ ಅವ್ವ ಸತ್ತಳೆಂದುಕೊಂಡು ದಾರಿಯಲ್ಲಿ ಮಗ ಏನಾದರೂ ಮಾಡಿಕೊಳ್ಳುತ್ತಾನೆ ಎಂದು ಗಾಬರಿಬಿದ್ದು ಉಸಿರು ಸಿಕ್ಕಿಸಿಕೊಂಡರು. ನನ್ನ ಕೈಯನ್ನೂ ಎಳೆದು ತಲೆಯ ಮೇಲೆ ಇಟ್ಟುಕೊಂಡರು. ಕಾಗದವೂ ಬೇಡವಂತೆ. ದಿನಾ ನೋಡುವವನಿಗೆ ಬೇರೆ ಕಾಗದ ಯಾಕೆ ಎನ್ನುತ್ತಾರೆ. ಅಂದಿನಿಂದ ತಾರಸಿ ಬರಿದಾಗಿದೆ. ಜಟಕಾ ಸದ್ದಾದರೆ ಬಾಗಿಲ ಕಡೆ ಕತ್ತು ತಿರುಗಿಸುತ್ತಾರೆ. ನಿಮಗೆಂದು ಹುರಿಹಿಟ್ಟು ಮಾಡಿಸಿದ್ದಾರೆ, ನಿಮ್ಮ ತಟ್ಟೆ ಬೆಳಗಿಸಿ ಇಡಿಸಿದ್ದಾರೆ.

ಕಾಗದ ಬೇಡವೆಂದ ಅವರ ಮಾತು ನನ್ನ ಹಟಕ್ಕೂ ಅನುಕೂಲವಾಗಿತ್ತು, ಸುಳ್ಳೇಕೆ ಹೇಳಲಿ. ಇಂದು ಬೆಳಿಗ್ಗೆ ಅವರ ತುಟಿ ನೀಲಿಯಾದದ್ದನ್ನು ಕಂಡ ಮೇಲೆ ತಡೆಯಲಾಗಲಿಲ್ಲ. ಬೆಟ್ಟಮ್ಮನವರನ್ನು ಕೂರಿಸಿ ತಂತಿ ಆಫೀಸಿಗೆ ಹೋದೆ. ಫಾರಂ ಇಸಿದುಕೊಂಡೆ. ನಿಮ್ಮ ಹೆಸರು ಬರೆದೆ, ಕೊಲಾಬಾ ಎಂದು ಬರೆದೆ. ಮುಂದೆ ಕೈ ಏಳಲಿಲ್ಲ. ಅವರ ತಲೆಗೂದಲು ನನ್ನ ಅಂಗೈಯಲ್ಲಿ ಇನ್ನೂ ಇದ್ದ ಹಾಗಾಯಿತು. ನಾನು ಇಲ್ಲಿ ಎರಡು ಮಾತು ಬರೆದರೆ ಅಲ್ಲಿ ಅವರ ಜೀವ ಹೋಗಿಬಿಡುತ್ತದೆ ಎನ್ನಿಸಿತು. ಓದು ಬರಹ ಬಲ್ಲವಳು ನಾನು, ಇದೆಲ್ಲ ಬರೀ ಭಯ ಎಂದು ಗೊತ್ತು. ಆದರೂ ಹರಿದುಹಾಕಿದೆ. ಹರಿದ ಚೂರು ಕೈಯಲ್ಲಿ ಹಿಡಿದು ನಿಂತಾಗ, ಆ ದಿನ ಬೊಂಬಾಯಿಯಲ್ಲಿ ನೀವು ಹೇಗೆ ನಿಂತಿದ್ದಿರೆಂದು ನನಗೆ ಕಂಡಿತು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಜನ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

ನಿಮ್ಮ ಮೇಲೆ ನನಗಿದ್ದ ಕೋಪ ಆ ಬೆಂಚಿನ ಮೇಲೇ ಉಳಿಯಿತು. ತಮ್ಮನನ್ನು ಕಳೆದುಕೊಂಡ ಸಂಕಟ ಹೋಗಿಲ್ಲ, ಅದು ಹೋಗುವುದೂ ಇಲ್ಲ. ಆದರೆ ಅದನ್ನು ನೀವೊಬ್ಬರೇ ಅಲ್ಲಿ, ನಾನೊಬ್ಬಳೇ ಇಲ್ಲಿ ಹೊತ್ತುಕೊಂಡಿರುವುದು ಬೇಡ. ಬನ್ನಿ. ನೀವು ಒಳಗೆ ಬಂದ ಕೂಡಲೇ ಪಂಚೆ ಕಾಣಲಿಲ್ಲವ್ವ, ಅದಕ್ಕೇ ಓಡಿಬಂದೆ ಎಂದು ಹೇಳಿ. ಆ ಒಂದು ಮಾತನ್ನು ಅವರ ಕಿವಿಗೆ ಹಾಕಿದರೆ ಸಾಕು. ಜಟಕಾದವನಿಗೆ ಬೇಗ ಹೊಡೆಯಲು ಹೇಳಿ, ನಾನು ಬಾಗಿಲಲ್ಲೇ ಇರುತ್ತೇನೆ.

ಇಂತು ನಿಮ್ಮ ದಾರಿ ನೋಡುತ್ತಿರುವ,
ಪ್ರೇಮಲೀಲಾ

ಮತ್ತೆ, ಬುಧವಾರ:

ಲಕೋಟೆ ಅಂಟಿಸುವ ಮೊದಲೇ ಅತ್ತೆ ಹೋಗಿಬಿಟ್ಟರು. ಬೆಳಿಗ್ಗೆ ಬಿಸಿಲು ತಾರಸಿಗೆ ಬಂದ ಮೇಲೆ, ನಿಮ್ಮ ಉಪಗ್ರಹ ಹಾಯುವ ಹೊತ್ತಿನಲ್ಲಿ. ಈಗ ತಂತಿ ಕೊಟ್ಟಿದ್ದೇನೆ. ಅದು ನಿಮಗೆ ಮೊದಲು ಸಿಕ್ಕಿ, ನೀವು ಇಲ್ಲಿಗೆ ಬಂದು ಹಿಂದಿರುಗಿದ ಮೇಲೆ ಈ ಕಾಗದ ನಿಮ್ಮ ಕೋಣೆಯ ಬಾಗಿಲಲ್ಲಿ ಬಿದ್ದಿರುತ್ತದೆ. ಮುಖ ನೋಡಿಕೊಂಡು ಇದನ್ನೆಲ್ಲ ಹೇಳಲು ನನ್ನಿಂದಾಗದು, ಅದಕ್ಕೇ ಹಾಕುತ್ತಿದ್ದೇನೆ.

ಕೊನೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಮ್ಯಾಲೆ ಮೋಡ ಐತಾ ಪ್ರೇಮಾ? ಅದ್ಕೇ ಅವ್ನಿಗೆ ಕಂಡಿಲ್ಲ ಕಣಮ್ಮ" ಎಂದರು. ಹೌದು ಅತ್ತೆ, ದಟ್ಟ ಮೋಡ ಎಂದೆ. ಅವರಿಗೆ ಸಮಾಧಾನವಾಯಿತು. ಈ ಬೆಳಗಿನ ಚಿತ್ರ ನಿಮ್ಮ ಮೇಜಿನ ಮೇಲಿರುತ್ತದೆ, ತೆಗೆದು ನೋಡಿ. ಬೆಟ್ಟದಿಂದಾಚೆಗೂ ಒಂದು ಚೂರು ಮೋಡವಿರಲಿಲ್ಲ.