ಐದಕ್ಕೆ ಐದು ಅಂಕದ ಉತ್ತರ

೧೮ ನವೆಂಬರ್ ೨೦೨೫, ಮಂಗಳವಾರ. ಹೊಂಬಳ.

ಪಕ್ಕದ ಮನೆಯ ಆಡು ಇನ್ನೂ ಎದ್ದಿಲ್ಲ. ಗೋಡೆಯಾಚೆಯಿಂದ ಅದರ ಏದುಸಿರು ಕೇಳುತ್ತಿದೆ.

ಬಳೆ ಮಾರುವ ಹಾಜಿರಾಬಿ ಅಕ್ಕ ಆಡು ಸಾಕಿದ್ದು ಇದೇ ಮೊದಲು. ಕೊಯ್ದ ಜೋಳದ ಕೂಳೆಯಲ್ಲಿ ಬಂದ ಎಳೆ ಚಿಗುರು ತಿನ್ನಿಸಬಹುದೇ ಎಂದು ಫೋನಿನಲ್ಲಿ ಎಐಗೆ ಕೇಳಿದ್ದಾಳೆ. "ಧಾರಾಳವಾಗಿ ತಿನ್ನಿಸಿ" ಎಂದಿದೆ. ಆ ಚಿಗುರು ವಿಷ ಎಂದು ದನದ ಡಾಕ್ಟರು ಸೂಜಿ ಚುಚ್ಚುತ್ತಲೇ ಬೈದರು.

ಎಐಯ ಆ "ಧಾರಾಳವಾಗಿ" ಎನ್ನುವ ಧಾಟಿ ನನಗೆ ಚೆನ್ನಾಗಿ ಗೊತ್ತು. ಎಐ ಕೊಡುವ ಕನ್ನಡ ಉತ್ತರಗಳಿಗೆ ಅಂಕ ಹಾಕುವುದೇ ನನ್ನ ಕೆಲಸ; ಹೇಗೆ ಉತ್ತರಿಸಬೇಕೆಂದು ಅದು ಕಲಿಯುವುದು ಆ ಅಂಕಗಳಿಂದಲೇ. "ಖಚಿತವಾಗಿ ಗೊತ್ತಿಲ್ಲ, ತಿಳಿದವರನ್ನು ಕೇಳಿ" ಎಂದ ಉತ್ತರಕ್ಕೆಲ್ಲ ಎರಡೇ ಅಂಕ ಹಾಕಿದ್ದೇನೆ. ನಮ್ಮೂರಲ್ಲಿ ದಾರಿ ಕೇಳಿದವರಿಗೂ ಯಾರೂ ಗೊತ್ತಿಲ್ಲ ಎನ್ನುವುದಿಲ್ಲ, ಯಾವ ಕಡೆಗಾದರೂ ಕೈ ತೋರಿಸುತ್ತಾರೆ. ತಡವರಿಸದೆ ಹೇಳಿದ್ದಕ್ಕೆ ಐದಕ್ಕೆ ಐದು ಕೊಟ್ಟೆ. ಅದು ಖರೆಯೋ ಸುಳ್ಳೋ ಎಂದು ಒಮ್ಮೆಯೂ ವಿಚಾರಿಸಲಿಲ್ಲ.

ಡಾಕ್ಟರು ಹೋದ ಮೇಲೆ ಅಕ್ಕ ಆಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು.

"ಉಳೀತೈತೇನ ತಂಗಿ? ನೀ ಓದಿದಾಕಿ, ಖರೆ ಹೇಳು."

ಗೊತ್ತಿಲ್ಲ ಎನ್ನಬೇಕಿತ್ತು.

"ಏನೂ ಆಗಂಗಿಲ್ಲಕ್ಕಾ. ನಾಳೆ ಮುಂಜಾನೆ ಎದ್ದು ಮೇವು ತಿಂತೈತಿ ನೋಡು" ಎಂದುಬಿಟ್ಟೆ.

ಒಂದಿಷ್ಟೂ ತಡವರಿಸಲಿಲ್ಲ. ಅಕ್ಕ ನಂಬಿದಳು.