ಮುಳುಗಿದ ಕಂಪನಿಯ ಸರ್ಟಿಫಿಕೇಟು

ಡ್ಯೂಸೆಲ್‌ಡಾರ್ಫ್, ನವೆಂಬರ್ 1963

ಮಾನ್ಯ ಓಲ್ಟ್‌ಮನ್ ಅವರಿಗೆ,

ನಿಮ್ಮ ವಿಮಾನಗಳ ಸೀಟಿನ ಬಟ್ಟೆ ಹೊಲಿಯುತ್ತಿದ್ದ ರೋಸ್ವಿಟಾ ಬರೆಯುವುದು. ಕೀಲ್ ಊರಿನ ಹಾಯಿಪಟದ ಕಾರ್ಖಾನೆಯವರು ನನಗೆ ಕೆಲಸ ಕೊಡುತ್ತಾರಂತೆ. ಹಳೆಯ ಯಜಮಾನರ ಸರ್ಟಿಫಿಕೇಟು ಇಲ್ಲದೆ ಯಾರೂ ಸೇರಿಸಿಕೊಳ್ಳುವುದಿಲ್ಲ, ನಿಮಗೆ ಗೊತ್ತೇ ಇದೆ. ಕೇಳಲು ಬಂದರೆ ನೀವು ಬಾಗಿಲ ಸಂದಿಯಿಂದಲೇ, "ದಿವಾಳಿ ಎದ್ದವನ ಸಹಿ ತಗೊಂಡು ಏನ್ಮಾಡ್ತೀಯಮ್ಮ? ಕಂಪನಿ ಈಗ ಕೋರ್ಟಿನ ಕೈಲಿದೆ, ಅವರ ಹತ್ರ ಬರೆಸ್ಕೋ, ಹೋಗು" ಎಂದಿರಿ.

ಕೋರ್ಟಿನವರು ನನ್ನ ಹೊಲಿಗೆ ನೋಡಿಲ್ಲ. ನೀವು ನೋಡಿದ್ದೀರಿ. ಒಂದೇ ಹಳೆಯ ವಿಮಾನವಿದ್ದಾಗ ನಾವಿಬ್ಬರೂ ಮಂಡಿಯೂರಿ ಅದರ ಸೀಟುಗಳಿಗೆ ಬಟ್ಟೆ ತೊಡಿಸಿದ್ದೆವು. ಪ್ರವಾಸದ ಏಜೆಂಟರು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿಯತೊಡಗಿದ ಮೇಲೆ ಒಂದು ಐದಾಯಿತು. ಅವರೇ ಬಾಡಿಗೆ ಇಳಿಸಿ ಎಂದರು, ನೀವು ಇಳಿಸುತ್ತಲೇ ಹೋದಿರಿ, ಕೊನೆಗೆ ಇಂಧನಕ್ಕೂ ಗತಿಯಿಲ್ಲವಾಯಿತು. ಆದರೂ ಸಮುದ್ರವನ್ನೇ ಕಾಣದ ಗಣಿ ಕೆಲಸಗಾರರು ಮಯೋರ್ಕಾ ದ್ವೀಪದಲ್ಲಿ ವಿಮಾನ ನೆಲ ಮುಟ್ಟಿದ ಕೂಡಲೇ ಚಪ್ಪಾಳೆ ತಟ್ಟಿದ್ದು ಸುಳ್ಳಲ್ಲ.

"ಬೇರೆ ಯಾರ ಹತ್ರನಾದ್ರೂ ಬರೆಸ್ಕೊಳ್ಳೇ, ಆ ಹೆಸರು ಕೇಳಿದ್ರೆ ಊರೇ ನಗುತ್ತೆ" ಎನ್ನುತ್ತಾಳೆ ಅಮ್ಮ. ನಗಲಿ. ಕೀಲ್‌ನವರಿಗೆ ನಿಮ್ಮ ಹೆಸರನ್ನೇ ಹೇಳಿದ್ದೇನೆ.

ದಯವಿಟ್ಟು ಕಂಪನಿಯ ಹೆಸರು ಅಚ್ಚಾದ ಕಾಗದದಲ್ಲೇ ಬರೆಯಿರಿ. ಮಂಗಳವಾರ ಬೆಳಿಗ್ಗೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನಗೆ ಮಾತಾಡಲು ನಾಚಿಕೆ, ಕಾಯಲು ನಾಚಿಕೆಯಿಲ್ಲ.

ನಿಮ್ಮ ಕಂಪನಿಯ ಹೊಲಿಗೆಯವಳು,
ರೋಸ್ವಿಟಾ ಕಲುಜಾ